ಓದುಗರ ಸ್ಪಂದನ: ಸಹಿ ಹಾಕಿದರೆ ತವರು ಉಳಿಯುತ್ತದೆಯೇ?

ಕಳೆದ ಸಂಚಿಕೆಯಲ್ಲಿ ಮದ್ದೂರಿನ ಸೋದರಿಯೊಬ್ಬರು ಕೇಳಿದ್ದರು: ‘ತಂದೆ ಉಯಿಲು ಬರೆಯದೆ ತೀರಿಕೊಂಡರು. ಅವರೇ ದುಡಿದು ಕೊಂಡ 3 ಎಕರೆ ಗದ್ದೆಯಿದೆ. ಅಮ್ಮ, ಅಣ್ಣ, ನಾನು ಮೂವರೇ ವಾರಸುದಾರರು. ಪ್ರತಿ ಗೌರಿ ಹಬ್ಬಕ್ಕೂ ತಪ್ಪದೆ ಬಾಗಿನ ತರುವ ಅಣ್ಣ ಈಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ. ಒಲ್ಲೆ ಅಂದರೆ ತವರು ತಪ್ಪುತ್ತದೆ. ಏನು ಮಾಡಲಿ?’ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಗದ್ದೆಯ ಮಾತು ಆಯಿತು, ಬಾಗಿನದ ಮಾತೂ ಆಯಿತು. ಅಮ್ಮನ ಮಾತ್ರೆ ಯಾರು ತರುತ್ತಾರೆ? ಅದನ್ನು ಮೊದಲು ಬರೆಯಿರಿ.
– ಚನ್ನಪಟ್ಟಣದ ಓದುಗರು

*

ಮಾತು ಬಿರುಸಾಗಿದ್ದರೂ ಪ್ರಶ್ನೆ ಸರಿಯಾಗಿದೆ. ಮುಂದಿನ ಪತ್ರ ಉದ್ದವಾಗಿದೆ, ಕತ್ತರಿಸಲು ಮನಸ್ಸಾಗಲಿಲ್ಲ.

*

ತಂಗೀ, ನಿಮ್ಮ ಪತ್ರ ಹಳೆಯ ಗಾಯವನ್ನು ಕೆದಕಿತು. ನನ್ನ ಕಥೆ ಬೇಡ, ಈ ಸಹಿ ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ.

ತಿಥಿ ಊಟ ಮುಗಿಯುತ್ತಲೇ ‘ಖಾತೆ ಮಾಡಿಸಬೇಕು, ಒಂದು ಸಹಿ ಅಷ್ಟೇ’ ಅನ್ನುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟಿನ ಗಡಿಬಿಡಿ. ಪತ್ರ ಓದಲು ಪುರಸೊತ್ತು ಕೊಡುವುದಿಲ್ಲ. ಒಳಗೆ ‘ಪ್ರೀತಿ ವಿಶ್ವಾಸದಿಂದ, ಯಾವ ಪ್ರತಿಫಲವನ್ನೂ ಪಡೆಯದೆ’ ಎಂದಿರುತ್ತದೆ. ಬಾಯಿಮಾತಿನಲ್ಲಿ ಒಪ್ಪಿದ್ದ ಹಣವನ್ನು ಆಮೇಲೆ ಕೇಳಹೋದರೆ ಆ ಸಾಲೇ ಅಡ್ಡ ಬರುತ್ತದೆ. ನೋಂದಣಿಯಾದ ಪತ್ರವನ್ನು ನೀವೊಬ್ಬರೇ ರದ್ದು ಮಾಡಿಸಲಾಗದು. ಮೋಸ ಗೊತ್ತಾದ 3 ವರ್ಷದೊಳಗೆ ಸಿವಿಲ್ ಕೋರ್ಟಿಗೇ ಹೋಗಬೇಕು.

ಸಹಿಯಾದ ಮೇಲೆ ಬಾಗಿನ ಸೊರಗುವ ಬಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ಅಣ್ಣನೇ ಜೋಡಿ ಮೊರ ಹಿಡಿದು ಬರುತ್ತಾನೆ: ಅಕ್ಕಿ, ತೊಗರಿಬೇಳೆ, ಬೆಲ್ಲ, ಕಾಯಿ, ಬಳೆ, ಬಿಚ್ಚೋಲೆ, ರವಿಕೆ ಕಣ. ಆಮೇಲೆ ಮಗನ ಕೈಲಿ ಬರೀ ಸೀರೆ. ಅದಾದ ಮೇಲೆ ಫೋನ್‌ಪೇಯಲ್ಲಿ ಐನೂರು. ಅಣ್ಣ ಕೆಟ್ಟವನಾದ ಅಂತಲ್ಲ. ತಂಗಿಯ ಕಡೆಯದು ಒಂದೇ ದಿನಕ್ಕೆ ಚುಕ್ತಾ ಆಗಿ, ಅಣ್ಣನ ಕಡೆಯದು ಜೀವಮಾನದ ಕಂತಾಗಿ ಉಳಿದರೆ ಕಟ್ಟುವವನಿಗೆ ಭಾರವೇ. ಅವನ ಮಕ್ಕಳಿಗಂತೂ ಇನ್ನೂ ಭಾರ.

ಉಯಿಲಿಲ್ಲದ ಸ್ವಯಾರ್ಜಿತದಲ್ಲಿ ನೀವು ಮೂವರೂ ಸಮ: ತಲಾ 1 ಎಕರೆ, ಅಂದರೆ 40 ಗುಂಟೆ. ಬಿಟ್ಟುಕೊಡುವ ಮನಸ್ಸಿದ್ದರೆ 20 ಬಿಡಿ, 20 ಇಟ್ಟುಕೊಳ್ಳಿ. ಸರ್ವೆ ಮಾಡಿಸಿ, ನಕ್ಷೆಯಲ್ಲಿ ಚೆಕ್ಕುಬಂದಿ ಬರೆಸಿ. ದುಡ್ಡು ತೆಗೆದುಕೊಳ್ಳುವುದಾದರೆ ಮೊತ್ತ, ಚೆಕ್ ನಂಬರು ಪತ್ರದೊಳಗೇ ಇರಲಿ.
– ತಿಪಟೂರಿನ ಓದುಗರು

*

1994ರ ಜುಲೈ 30ರಂದು ಜಾರಿಗೆ ಬಂದ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದ ಪಾಲಿನಿಂದ ಹೊರಗಿಟ್ಟಿತ್ತು. ಕೇಂದ್ರದ 2005ರ ತಿದ್ದುಪಡಿಯಿಂದ ಆ ಭೇದ ಹೋಯಿತು. ಅದು ಜಾರಿಯಾದ 9-9-2005ರಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಗೆ ಹಾಕಿದ ಚಿನ್ನ ಪಾಲಿಗೆ ಜಮೆಯಲ್ಲ.
– ವಕೀಲರು, ಹಾಸನ

*

ಇದು ಪಿತ್ರಾರ್ಜಿತಕ್ಕೆ ಸಂಬಂಧಿಸಿದ್ದು. ಮದ್ದೂರಿನ ಗದ್ದೆ ಸ್ವಯಾರ್ಜಿತ. ಆದರೂ ಕೊನೆಯ ಸಾಲು ಹಲವರಿಗೆ ಬೇಕಾದದ್ದು.

*

ಅತ್ತಿಗೆಯ ಕಡೆಗೆ ಮುಯ್ಯಿ ತೀರಿಸಿದ್ದೀರಾ? ಮುಯ್ಯಿ ಪುಸ್ತಕ ತೆಗೆದು ನೋಡಿ. ನಿಮ್ಮ ಗೃಹಪ್ರವೇಶಕ್ಕೆ ಅವರು 1001 ಓದಿಸಿದ್ದರೆ ಅವರ ಮನೆ ಮದುವೆಗೆ ಅಷ್ಟನ್ನೇ ಓದಿಸಬೇಡಿ. ಬೆಲೆ ಏರಿದೆ, ಮೇಲಾಗಿ ಸಮ ಮಾಡಿದರೆ ಸಂಬಂಧ ಮುಗಿಸಿದಂತೆ ಕಾಣುತ್ತದೆ. ಸ್ವಲ್ಪ ಹೆಚ್ಚಿಗೆ ಹಾಕಿದರೆ ಬಾಕಿ ಅವರ ಕಡೆ ಉಳಿಯುತ್ತದೆ, ಹೋಗಿಬರುವುದೂ ಉಳಿಯುತ್ತದೆ.
– ಗೃಹಿಣಿ, ನಾಗಮಂಗಲ

*

ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದಕ್ಕೆ) ಕೊಟ್ಟ ವಂಶವೃಕ್ಷ ತೆಗೆಸಿ ನೋಡಿ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಅಲ್ಲೇ. ಬಿಟ್ಟಿದ್ದರೆ ಮ್ಯುಟೇಷನ್ (ಖಾತೆ ಬದಲಾವಣೆ) ನೋಟಿಸಿನ ಅವಧಿಯಲ್ಲೇ ಲಿಖಿತ ತಕರಾರು ಕೊಡಿ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಬಂದರೂ ನಿಮ್ಮ ಹಕ್ಕು ಹೋಗುವುದಿಲ್ಲ.

ಅಮ್ಮ ತಮ್ಮ ಎಕರೆಯನ್ನು ಈಗಲೇ ಬಿಡುವುದು ಬೇಡ. ಬಿಡುವುದೇ ಆದರೆ ‘ಊಟ, ಔಷಧ, ವಾಸದ ಹೊಣೆ ಹೊರುವ ಷರತ್ತಿನ ಮೇಲೆ’ ಎಂದು ಬರೆಸಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಯ ಮುಂದೆ ರದ್ದು ಕೇಳಬಹುದು. ಷರತ್ತು ಬರೆಸದಿದ್ದರೆ ಸಾಬೀತು ಮಾಡುವುದು ಕಷ್ಟ.
– ನಿವೃತ್ತ ಕಂದಾಯ ನೌಕರರು, ಮಂಡ್ಯ

*

ಸಹಿಯ ದಿನ ಇನ್ನೂ ಗೊತ್ತಾಗಿಲ್ಲವೆಂದು ಸೋದರಿ ತಿಳಿಸಿದ್ದಾರೆ. ಪತ್ರದ ಕರಡನ್ನು ಮೊದಲೇ ತರಿಸಿಕೊಂಡು, ಅಣ್ಣ ಅತ್ತಿಗೆ ಇಬ್ಬರೂ ಇರುವಾಗ ಅಮ್ಮನ ಎದುರಿಗೇ ಓದಿಸಲಿ. ಅಲ್ಲಿಯವರೆಗೆ ಆಧಾರ್ ಪ್ರತಿ, ಫೋಟೊ ಯಾರ ಕೈಗೂ ಕೊಡದಿದ್ದರೆ ಒಳ್ಳೆಯದು.
– ಸಂ.