ಕಾನೂನು ಮತ್ತು ಅಪರಾಧಶಾಸ್ತ್ರ: ಎರಡನ್ನೂ ಜೊತೆಯಲ್ಲಿ ಓದುವುದು ಸರಿಯೇ?

ಪ್ರಶ್ನೆ

ನಮಸ್ಕಾರ. ನಾನು ಶಾಲಾ ಶಿಕ್ಷಣದ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಕಾನೂನು ಓದಬೇಕು, ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸುವ ವಕೀಲೆಯಾಗಬೇಕು ಎಂಬ ಆಸೆ ಎರಡು ವರ್ಷಗಳಿಂದ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಕಾನೂನು ಪದವಿಯನ್ನೂ ಅಪರಾಧಶಾಸ್ತ್ರದ ಪದವಿಯನ್ನೂ ಒಟ್ಟಿಗೆ ಓದುವ ಅವಕಾಶವಿದೆ ಎಂಬುದು ಅರ್ಜಿ ಹಾಕುವ ಹೊತ್ತಿಗೆ ತಿಳಿಯಿತು. ಅಂದಿನಿಂದ ಅದೇ ಯೋಚನೆಯಲ್ಲಿದ್ದೇನೆ. ಅಪರಾಧ ಕಾನೂನನ್ನು ಕಾನೂನು ಪದವಿಯಲ್ಲಿಯೇ ಕಲಿಸುತ್ತಾರಲ್ಲ, ಅದಕ್ಕಾಗಿ ಇನ್ನೊಂದು ಪದವಿ ಏಕೆ ಎಂದು ತಂದೆಯವರು ಕೇಳುತ್ತಾರೆ. ಅವರಿಗೆ ಕೊಡಲು ನನ್ನ ಬಳಿ ಸರಿಯಾದ ಉತ್ತರವಿಲ್ಲ. ಅಪರಾಧಶಾಸ್ತ್ರ ಓದಿದವರು ಬೆರಳಚ್ಚು, ರಕ್ತದ ಕಲೆಗಳನ್ನು ಪರೀಕ್ಷಿಸುತ್ತಾರೆಂದು ನಾನು ಭಾವಿಸಿದ್ದೆ. ಪಠ್ಯಕ್ರಮ ತೆರೆದು ನೋಡಿದರೆ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರಗಳೇ ತುಂಬಿವೆ. ಒಂದು ಓದು ಇನ್ನೊಂದಕ್ಕೆ ನಿಜವಾಗಿ ಒದಗುತ್ತದೆಯೇ, ಅಥವಾ ಎರಡು ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆಯೇ ಎಂಬುದನ್ನು ಎರಡನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಕ್ರಿಮಿನಲ್ ವಕೀಲ)

ನಾನು ಎರಡನ್ನೂ ಜೊತೆಯಾಗಿ ಓದಿದವನು. ಈಗ ಆರೋಪಿಗಳ ಪರವಾಗಿ ವಕೀಲಿಕೆ ಮಾಡುತ್ತಿದ್ದೇನೆ. ಬೆರಳಚ್ಚು, ರಕ್ತದ ಕಲೆಗಳ ಪರೀಕ್ಷೆ ವಿಧಿವಿಜ್ಞಾನಕ್ಕೆ ಸೇರಿದ್ದು. ಅಪರಾಧಗಳು ಏಕೆ ನಡೆಯುತ್ತವೆ, ಯಾವ ಕೃತ್ಯವನ್ನು ಅಪರಾಧವೆಂದು ಕರೆಯಬೇಕೆಂದು ಸಮಾಜ ಹೇಗೆ ತೀರ್ಮಾನಿಸುತ್ತದೆ, ಶಿಕ್ಷೆಯಿಂದ ಏನು ಸಾಧ್ಯವಾಗುತ್ತದೆ, ನೊಂದವರ ಗತಿ ಏನಾಗುತ್ತದೆ ಎಂಬವು ಅಪರಾಧಶಾಸ್ತ್ರದ ಪ್ರಶ್ನೆಗಳು.

ಎರಡು ಓದುಗಳ ವ್ಯತ್ಯಾಸ ನನಗೆ ತಿಳಿದದ್ದು ಮೊದಲ ವರ್ಷದ ಎರಡು ಉತ್ತರಪತ್ರಿಕೆಗಳಿಂದ. ಜಗಳದಲ್ಲಿ ಯುವಕನೊಬ್ಬ ಗೆಳೆಯನನ್ನು ತಳ್ಳುತ್ತಾನೆ, ಅವನು ಮೆಟ್ಟಿಲ ಮೇಲೆ ಬಿದ್ದು ತಲೆಗೆ ಪೆಟ್ಟಾಗುತ್ತದೆ. ಇದು ಅಪರಾಧ ಕಾನೂನಿನ ಪತ್ರಿಕೆಯಲ್ಲಿದ್ದ ಪ್ರಶ್ನೆ. ಆ ಯುವಕ ಬೆಳೆದ ಪರಿಸರ, ಅವನ ಗೆಳೆಯರ ಗುಂಪಿನ ಒತ್ತಡ ಎಂದು ನಾನು ಎರಡು ಪುಟ ಬರೆದೆ. ಪ್ರಾಧ್ಯಾಪಕರು ಅಂಚಿನಲ್ಲಿ, ‘ಇವನ ಉದ್ದೇಶವೇನಿತ್ತು? ಯಾವ ಕಲಂ ಅನ್ವಯಿಸುತ್ತದೆ?’ ಎಂದಷ್ಟೇ ಬರೆದು, ಅರ್ಧಕ್ಕಿಂತ ಕಡಿಮೆ ಅಂಕ ಕೊಟ್ಟಿದ್ದರು. ಅದಾದ ಕೆಲವೇ ದಿನಗಳಲ್ಲಿ ಅಪರಾಧಶಾಸ್ತ್ರದ ಪ್ರಬಂಧ ಬರೆಯುವಾಗ, ಪಾಠ ಕಲಿತವನಂತೆ ಒಂದೇ ಒಂದು ಪ್ರಕರಣವನ್ನು ಹಿಡಿದು ಅದನ್ನೇ ಎಳೆ ಎಳೆಯಾಗಿ ಬಿಡಿಸಿದೆ. ಅಲ್ಲಿಯ ಅಧ್ಯಾಪಕಿ, ‘ಒಬ್ಬನನ್ನು ನೋಡಿ ಎಲ್ಲರ ಬಗ್ಗೆ ಹೇಗೆ ಹೇಳುತ್ತೀರಿ?’ ಎಂದು ಕೇಳಿದ್ದರು. ಈ ಎರಡು ಟಿಪ್ಪಣಿಗಳಲ್ಲಿ ಇಡೀ ಜೋಡಿ ಪದವಿಯೇ ಅಡಗಿದೆಯೆಂದು ಈಗ ನನಗೆ ಅನಿಸುತ್ತದೆ. ಈ ವ್ಯಕ್ತಿ, ಈ ದಿನ, ಈ ಕೃತ್ಯವನ್ನು ಮಾಡಿದ್ದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿದೆಯೇ ಎಂದು ಕಾನೂನು ಕೇಳುತ್ತದೆ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಏನು ಕಾಣುತ್ತದೆ ಎಂದು ಅಪರಾಧಶಾಸ್ತ್ರ ಕೇಳುತ್ತದೆ.

ವೃತ್ತಿಯಲ್ಲಿ ಇದು ಹೇಗೆ ಒದಗುತ್ತದೆಂಬುದಕ್ಕೆ ಪಾಟೀಸವಾಲನ್ನೇ ತೆಗೆದುಕೊಳ್ಳಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಕಟಿಸಿದ ಪ್ರಯೋಗವೊಂದನ್ನು ಮನಶ್ಶಾಸ್ತ್ರದ ತರಗತಿಯಲ್ಲಿ ಓದಿದ್ದೆ. ಕಾರು ಅಪಘಾತದ ಒಂದೇ ದೃಶ್ಯವನ್ನು ತೋರಿಸಿ, 50 ಜನರಿಗೆ ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದೂ, ಬೇರೆ 50 ಜನರಿಗೆ ‘ತಾಗಿದಾಗ’ ಎಷ್ಟಿತ್ತು ಎಂದೂ ಕೇಳಲಾಗಿತ್ತು. ಒಂದು ವಾರದ ನಂತರ ಒಡೆದ ಗಾಜನ್ನು ನೋಡಿದಿರಾ ಎಂದು ವಿಚಾರಿಸಿದಾಗ, ಮೊದಲ ಗುಂಪಿನಲ್ಲಿ 16 ಜನ, ಎರಡನೆಯದರಲ್ಲಿ 7 ಜನ ಹೌದೆಂದರು. ಆ ದೃಶ್ಯದಲ್ಲಿ ಒಡೆದ ಗಾಜೇ ಇರಲಿಲ್ಲ. ಸಾಕ್ಷಿಯ ಹೇಳಿಕೆಯನ್ನು ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ಹುಡುಕುವುದು, ಅವರಿಗೆ ಯಾವ ಪ್ರಶ್ನೆಯನ್ನು ಯಾವ ಶಬ್ದಗಳಲ್ಲಿ ಕೇಳಲಾಗಿತ್ತು ಎಂಬುದನ್ನೇ. ಕಣ್ಣಾರೆ ಕಂಡವರು ಸುಳ್ಳು ಹೇಳದೆಯೂ ತಪ್ಪು ಹೇಳಬಹುದು ಎಂಬ ಅರಿವು ಸಾಕ್ಷ್ಯ ಕಾನೂನನ್ನು ಮಾತ್ರ ಓದಿದ್ದರೆ ನನಗೆ ಇಷ್ಟು ಆಳವಾಗಿ ಇಳಿಯುತ್ತಿರಲಿಲ್ಲ.

ಎರಡೂ ಶಾಸ್ತ್ರಗಳು ಎದುರುಬದುರಾಗುವ ಸಂದರ್ಭಗಳೂ ಇವೆ. 1939ರಲ್ಲಿ ಎಡ್ವಿನ್ ಸದರ್ಲ್ಯಾಂಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು, ಗೌರವಾನ್ವಿತ ಹುದ್ದೆಯಲ್ಲಿರುವವರು ವ್ಯವಹಾರದಲ್ಲಿ ಎಸಗುವ ವಂಚನೆಗಳೂ ಅಪರಾಧಗಳೇ ಎಂದು ವಾದಿಸಿ, ‘ವೈಟ್ ಕಾಲರ್’ ಅಪರಾಧವೆಂಬ ಮಾತನ್ನು ಚಾಲ್ತಿಗೆ ತಂದರು. ಕ್ರಿಮಿನಲ್ ನ್ಯಾಯಾಲಯದಲ್ಲಿ ಶಿಕ್ಷೆಯಾಗದಿದ್ದರೂ ಅಂಥವನ್ನು ಅಪರಾಧಗಳ ಲೆಕ್ಕಕ್ಕೆ ಸೇರಿಸಬೇಕೆಂಬುದು ಅವರ ನಿಲುವು. ಕಾನೂನನ್ನೂ ಬಲ್ಲ ಸಮಾಜಶಾಸ್ತ್ರಜ್ಞ ಪಾಲ್ ಟಪ್ಪನ್ 1947ರಲ್ಲಿ ಇದನ್ನು ವಿರೋಧಿಸಿ, ನ್ಯಾಯಾಲಯ ದೋಷಿಯೆಂದು ತೀರ್ಮಾನಿಸುವ ಮೊದಲು ಯಾರನ್ನೂ ಅಪರಾಧಿಯೆನ್ನಲಾಗದು ಎಂದರು. ಅಪರಾಧಶಾಸ್ತ್ರದ ತರಗತಿಯಲ್ಲಿ ಕುಳಿತಾಗ ನನಗೆ ಸದರ್ಲ್ಯಾಂಡ್ ಸರಿಯೆನಿಸುತ್ತಿದ್ದರು, ಕಕ್ಷಿದಾರನ ಪಕ್ಕದಲ್ಲಿ ನಿಂತಾಗ ಟಪ್ಪನ್ ಸರಿಯೆನಿಸುತ್ತಾರೆ. ಈ ಇಕ್ಕಟ್ಟನ್ನು ಸಹಿಸಿಕೊಂಡು ಯೋಚಿಸುವುದು ನಿಮಗೆ ಇಷ್ಟವಾಗುವುದಾದರೆ ಜೋಡಿ ಪದವಿಗೆ ಸೇರಿ.

ಉತ್ತರ 2 (ಬಂದಿಗಳ ಪುನರ್ವಸತಿ ಕ್ಷೇತ್ರದ ಸಂಶೋಧಕಿ)

ಮೇಲಿನವರು ನ್ಯಾಯಾಲಯದ ಒಳಗಿನ ಉಪಯೋಗವನ್ನು ಹೇಳಿದ್ದಾರೆ. ಜೋಡಿ ಪದವಿ ಓದಿ ವಕೀಲಿಕೆಗೆ ಹೋಗದವರ ಪರವಾಗಿ ನಾನು ಒಂದು ಮಾತು ಸೇರಿಸುತ್ತೇನೆ. ಪ್ರೊಬೇಶನ್ (ಅಪರಾಧಿಯನ್ನು ಜೈಲಿಗೆ ಕಳುಹಿಸದೆ ಮೇಲ್ವಿಚಾರಣೆಯಲ್ಲಿಡುವುದು), ಪೆರೋಲ್ (ಬಂದಿಯನ್ನು ಷರತ್ತಿನ ಮೇಲೆ ಹೊರಗೆ ಬಿಡುವುದು), ಬಾಲಾಪರಾಧಿಗಳ ಆರೈಕೆ, ನೊಂದವರ ನೆರವು, ಆರ್ಥಿಕ ವಂಚನೆಯ ತನಿಖೆ, ಶಾಸನ ರಚನೆಗೆ ಬೇಕಾಗುವ ಅಧ್ಯಯನ, ಇವೆಲ್ಲವೂ ಎರಡು ಶಾಸ್ತ್ರಗಳು ಸೇರುವ ಜಾಗಗಳು.

ಅಪರಾಧಶಾಸ್ತ್ರ ಓದುವವರಿಗೆ ಕಾನೂನು ಏಕೆ ಬೇಕೆಂಬುದಕ್ಕೆ ನನಗೆ ಸದಾ ನೆನಪಾಗುವ ಅಧ್ಯಯನವೊಂದಿದೆ. ಅಮೆರಿಕದ ಅಪರಾಧಶಾಸ್ತ್ರಜ್ಞ ಮಾರ್ವಿನ್ ವೂಲ್ಫ್‌ಗ್ಯಾಂಗ್ ಮತ್ತು ಸಂಗಡಿಗರು, 1945ರಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಬೆಳೆದ 9,945 ಹುಡುಗರ ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇಕಡ 6ರಷ್ಟು ಹುಡುಗರೇ ಆ ಗುಂಪಿನ ದಾಖಲಾದ ಕೃತ್ಯಗಳ ಅರ್ಧಕ್ಕಿಂತ ಹೆಚ್ಚಿನದಕ್ಕೆ ಕಾರಣರಾಗಿದ್ದರು. ಇದನ್ನು ಓದಿದ ಕೂಡಲೇ, ಆ ಶೇಕಡ 6ರವರನ್ನು ಮೊದಲೇ ಗುರುತಿಸಿ ತಡೆದುಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಹತ್ತು ವರ್ಷದ ಹುಡುಗರ ಸಾಲಿನಲ್ಲಿ ಅವರು ಯಾರೆಂದು ಬೆರಳು ಮಾಡಿ ತೋರಿಸುವುದು ಸಾಧ್ಯವಿಲ್ಲ. ತೋರಿಸಬಹುದೆಂದು ಭಾವಿಸಿದರೂ, ಇನ್ನೂ ಮಾಡದ ತಪ್ಪಿಗೆ ಶಿಕ್ಷಿಸುವ ಅಧಿಕಾರ ಯಾರಿಗೂ ಇಲ್ಲ. ಸಂಖ್ಯೆಗಳಲ್ಲಿ ಮುಳುಗಿರುವ ನಮ್ಮಂಥವರಿಗೆ ಕಾನೂನಿನ ಓದು ಈ ಎಚ್ಚರವನ್ನು ಕೊಡುತ್ತದೆ. ಜೊತೆಗೆ, ದಾಖಲೆಯೆಂದರೆ ಪೊಲೀಸರ ಗಮನಕ್ಕೆ ಬಂದದ್ದು ಮಾತ್ರ. ಯಾವ ಬಡಾವಣೆಯಲ್ಲಿ ಗಸ್ತು ಹೆಚ್ಚೋ ಅಲ್ಲಿ ದಾಖಲೆಯೂ ಹೆಚ್ಚುತ್ತದೆ.

ಉತ್ತರ 3 (ಮೊದಲು ಕಾನೂನು, ನಂತರ ಅಪರಾಧಶಾಸ್ತ್ರ ಓದಿದವರು)

ಸ್ವಲ್ಪ ಭಿನ್ನವಾದ ಅಭಿಪ್ರಾಯ ನನ್ನದು. ನಾನು ಕಾನೂನನ್ನಷ್ಟೇ ಓದಿ, ಕೆಲವು ವರ್ಷ ವಕೀಲಿಕೆ ಮಾಡಿದ ಮೇಲೆ ಅಪರಾಧಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದೆ. ಜಾಮೀನು ಸಿಗದೆ ತಿಂಗಳುಗಟ್ಟಲೆ ಒಳಗಿದ್ದವರನ್ನು ಕಣ್ಣಾರೆ ಕಂಡು ಬಂದಿದ್ದರಿಂದ ಪುಸ್ತಕದ ಪ್ರತಿ ಪುಟವೂ ನನಗೆ ಜೀವಂತವಾಗಿ ಕಂಡಿತು. ಹದಿನೆಂಟರ ವಯಸ್ಸಿನಲ್ಲಿ ಅದೇ ಪುಟಗಳು ಬರೀ ಸಿದ್ಧಾಂತಗಳಾಗಿ ಉಳಿಯುತ್ತಿದ್ದವೇನೋ. ಆದ್ದರಿಂದ ಈಗಲೇ ಎರಡನ್ನೂ ಓದದಿದ್ದರೆ ಬಾಗಿಲು ಮುಚ್ಚಿಹೋಯಿತೆಂದು ಹೆದರಬೇಡಿ.

ಜೋಡಿ ಪದವಿಗೇ ಸೇರುವುದಾದರೆ, ಒಂದರ ಐಚ್ಛಿಕ ವಿಷಯಗಳನ್ನು ಇನ್ನೊಂದರ ಲೆಕ್ಕಕ್ಕೂ ಹಿಡಿಯುವುದರಿಂದ, ಎರಡನ್ನು ಬೇರೆ ಬೇರೆಯಾಗಿ ಓದುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ ವರ್ಷ ಸಾಕಾಗುತ್ತದೆ. ತಂದೆಯವರಿಗೆ ಇದನ್ನು ತಿಳಿಸಿ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಕಾನೂನಿನ ಬೇರೆ ಐಚ್ಛಿಕ ವಿಷಯಗಳಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಅರ್ಜಿ ಹಾಕುವ ಮೊದಲು, ಈ ಕಾನೂನು ಪದವಿಯಿಂದ ವಕೀಲಿಕೆಗೆ ನೋಂದಾಯಿಸಿಕೊಳ್ಳುವ ಅರ್ಹತೆ ಸಿಗುತ್ತದೆಯೇ ಎಂದೂ, ನಡುವೆ ಒಂದನ್ನು ಕೈಬಿಟ್ಟರೆ ಮತ್ತೊಂದರ ಪದವಿ ಕೈಗೆ ಬರುತ್ತದೆಯೇ ಎಂದೂ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಎರಡನೆಯ ಪ್ರಶ್ನೆಯನ್ನು ಕೇಳದೆ ಸೇರಿದ ಸಹಪಾಠಿಯೊಬ್ಬರು ಮೂರನೆಯ ವರ್ಷದಲ್ಲಿ ಬಹಳ ಕಷ್ಟಪಟ್ಟರು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಉತ್ತರಪತ್ರಿಕೆಗಳ ಪ್ರಸಂಗವನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಮತ್ತೊಮ್ಮೆ ಓದಿಸಿ ಕೇಳಿದರು. ಈಗ ಉಳಿದಿರುವುದು ಒಂದು ಅಳುಕು. ಗಣಿತದಲ್ಲಿ ನಾನು ಹಿಂದೆ. ಅಪರಾಧಶಾಸ್ತ್ರದ ಸಂಖ್ಯಾಶಾಸ್ತ್ರವನ್ನು ನಿಭಾಯಿಸಲು ನನ್ನಿಂದಾಗುತ್ತದೆಯೇ?

ಉತ್ತರ 2ರ ಸಂಶೋಧಕಿ

ಆಗುತ್ತದೆ. ಪದವಿ ಮಟ್ಟದಲ್ಲಿ ಬೇಕಾಗುವುದು ಶೇಕಡವಾರು, ಸರಾಸರಿ, ಮಾದರಿ ಆಯ್ಕೆ (ಎಲ್ಲರ ಬದಲು ಕೆಲವರನ್ನು ಆರಿಸಿ ಅಧ್ಯಯನ ಮಾಡುವುದು), ಎರಡು ಸಂಗತಿಗಳು ಜೊತೆಯಾಗಿ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು ಎಂಬ ತಿಳಿವಳಿಕೆ. ಲೆಕ್ಕ ಮಾಡುವ ಕೆಲಸವನ್ನು ಬಹುಮಟ್ಟಿಗೆ ಕಂಪ್ಯೂಟರ್ ಮಾಡುತ್ತದೆ. ಪತ್ರಿಕೆಯಲ್ಲಿ ‘ಕಳ್ಳತನಗಳು ದುಪ್ಪಟ್ಟಾಗಿವೆ’ ಎಂಬ ಸುದ್ದಿ ಬಂದರೆ ಅದನ್ನು ಕತ್ತರಿಸಿಟ್ಟುಕೊಂಡು, ಎಷ್ಟರಿಂದ ಎಷ್ಟಕ್ಕೆ ಏರಿತು, ಜನಸಂಖ್ಯೆಯೂ ಏರಿದೆಯೇ, ದೂರು ಕೊಡುವ ವಿಧಾನ ಈ ನಡುವೆ ಸುಲಭವಾಯಿತೇ ಎಂದು ಪಕ್ಕದಲ್ಲಿ ಬರೆಯುತ್ತಾ ಹೋಗಿ. ಇಂಥ ಹತ್ತು ಸುದ್ದಿಗಳನ್ನು ಓದುವಷ್ಟರಲ್ಲಿ, ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದು ನಿಮಗೇ ತಿಳಿದುಬಿಡುತ್ತದೆ.