ಎಸ್‌ಕ್ಯುಲೈಟ್, ಪೋಸ್ಟ್‌ಗ್ರೆಸ್, ಒರಾಕಲ್ ಮೂರೂ ಡೇಟಾಬೇಸ್‌ಗೆ ಒಂದೇ ಇಂಟರ್‌ಫೇಸ್: ಮಾಡಿ ನೋಡಿದವರು ಹೇಳಿ

ಕೇಳಿದವರು, ಶಿವಮೊಗ್ಗದಿಂದ

ನಾವು ಮೂವರು ಸೇರಿ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಪೈಥಾನ್‌ನಲ್ಲಿದೆ. ಇಷ್ಟು ದಿನ ಎಸ್‌ಕ್ಯುಲೈಟ್ ಸಾಕಾಗಿತ್ತು. ಒಂದು ಅಂಗಡಿ, ಒಂದು ಕಂಪ್ಯೂಟರ್, ಒಂದು ಫೈಲ್. ಈಗ ಐದಾರು ಬ್ರಾಂಚ್ ಇರುವ ಗಿರಾಕಿ ಸಿಕ್ಕಿದ್ದಾರೆ, ಅವರಿಗೆ ಪೋಸ್ಟ್‌ಗ್ರೆಸ್ ಬೇಕು. ಇನ್ನೊಬ್ಬರ ಹತ್ತಿರ ಒರಾಕಲ್ ಲೈಸೆನ್ಸ್ ಇದೆಯಂತೆ, ಅದರಲ್ಲೇ ಓಡಬೇಕು ಅನ್ನುತ್ತಾರೆ. ನಮ್ಮ ಕೋಡ್ ತುಂಬ ನೇರ ಎಸ್‌ಕ್ಯುಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ). ಕೋಡ್‌ಗೂ ಡೇಟಾಬೇಸ್‌ಗೂ ಮಧ್ಯೆ ಒಂದು ಪದರ ಹಾಕಬೇಕು ಅಂತ ಗೊತ್ತು. ಎಲ್ಲಿಂದ ಶುರು ಮಾಡಲಿ? ನೀವು ಎಲ್ಲಿ ಕೈ ಸುಟ್ಟುಕೊಂಡಿರಿ?

ಮೈಸೂರಿನಿಂದ

ಪೈಥಾನ್‌ಗೆ ಡಿಬಿ-ಎಪಿಐ 2.0 (ಡೇಟಾಬೇಸ್‌ಗೆ ಸಂಪರ್ಕ ಕೊಡುವ ಡ್ರೈವರ್‌ಗಳು ಪಾಲಿಸುವ ನಿಯಮ) ಇದೆಯಲ್ಲ, ಇನ್ನೇನು ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಕನೆಕ್ಟ್, ಕರ್ಸರ್, ಎಕ್ಸಿಕ್ಯೂಟ್, ಕಮಿಟ್ ಎಲ್ಲ ಡ್ರೈವರ್‌ನಲ್ಲೂ ಒಂದೇ, ನಿಜ. ಆದರೆ ಪ್ಯಾರಾಮೀಟರ್ (ಕ್ವೆರಿಯೊಳಗೆ ತುಂಬುವ ಮೌಲ್ಯದ ಜಾಗ) ಬರೆಯುವುದಕ್ಕೇ ಅದರಲ್ಲಿ ಐದು ಬಗೆ. ಎಸ್‌ಕ್ಯುಲೈಟ್‌ನಲ್ಲಿ ಪ್ರಶ್ನೆ ಗುರುತು, ಪೋಸ್ಟ್‌ಗ್ರೆಸ್‌ನ ಡ್ರೈವರ್ ಸೈಕಾಪಿಜಿಯಲ್ಲಿ ಶೇಕಡಾ ಗುರುತು, ಒರಾಕಲ್‌ನಲ್ಲಿ ಕೋಲನ್. ಅದರೊಳಗೆ ಹೋಗುವ ಎಸ್‌ಕ್ಯುಎಲ್ ಬಗ್ಗೆ ಡಿಬಿ-ಎಪಿಐ ಏನೂ ಹೇಳುವುದೇ ಇಲ್ಲ. ಇಂಥದೇ ಬೇರೆ ನಿಯಮಗಳಾದ ಓಡಿಬಿಸಿ, ಜೆಡಿಬಿಸಿ ಕಥೆಯೂ ಹೆಚ್ಚುಕಡಿಮೆ ಇದೇ. ಈ ಕಿರಿಕಿರಿಗೆ ಎಸ್‌ಕ್ಯುಎಲ್‌ಆಲ್ಕೆಮಿ ಲೈಬ್ರರಿಯ ಕೋರ್ ಭಾಗ ಹಾಕಿಕೊಳ್ಳಿ, ಸುಮ್ನೆ ನೀವೇ ಬರೆಯಲು ಹೋಗಬೇಡಿ.

ಹುಬ್ಬಳ್ಳಿಯಿಂದ

ನಾನು ಇದನ್ನು ಎರಡು ಸಲ ಮಾಡಿದ್ದೇನೆ. ಮೊದಲನೆಯದು ತಪ್ಪಾಯಿತು.

ಮೊದಲ ಸಲ ಟೇಬಲ್ ಹೆಸರು ಕೊಟ್ಟರೆ ಸೇರಿಸುವ, ಹುಡುಕುವ, ತಿದ್ದುವ, ಅಳಿಸುವ ಫಂಕ್ಷನ್ ಮಾಡಿದೆ. ನಾಲ್ಕೇ ಫಂಕ್ಷನ್, ನೋಡಲು ಚೆಂದ. ಮೂರನೇ ವಾರ ಜಾಯಿನ್ (ಟೇಬಲ್‌ಗಳನ್ನು ಜೋಡಿಸಿ ನೋಡುವುದು) ಬೇಕಾಯಿತು. ಆಮೇಲೆ ಗ್ರೂಪ್ ಬೈ (ಗುಂಪು ಮಾಡಿ ಮೊತ್ತ ತೆಗೆಯುವುದು). ಆಮೇಲೆ ‘ಇದು ಅಥವಾ ಅದು’ ಅನ್ನುವ ಷರತ್ತು. ಒಂದೊಂದಕ್ಕೂ ಹೊಸ ಆರ್ಗ್ಯುಮೆಂಟ್. ಕೊನೆಗೆ ನೋಡಿದರೆ ನಾನು ಬರೆಯುತ್ತಿದ್ದದ್ದು ಇನ್ನೊಂದು ಎಸ್‌ಕ್ಯುಎಲ್ಲೇ, ಅದಕ್ಕಿಂತ ಕೆಟ್ಟದ್ದು. ಸಹೋದ್ಯೋಗಿಗಳು ‘ನೇರ ಎಸ್‌ಕ್ಯುಎಲ್ ಕಳಿಸು’ ಅನ್ನುವ ಒಂದು ಹಿಂಬಾಗಿಲು ಮಾಡಿಸಿಕೊಂಡರು. ವರ್ಷ ಕಳೆಯುವಷ್ಟರಲ್ಲಿ ಎಲ್ಲರೂ ಹಿಂಬಾಗಿಲಿನಿಂದಲೇ ಓಡಾಡುತ್ತಿದ್ದರು.

ಎರಡನೇ ಸಲ ಇಂಟರ್‌ಫೇಸನ್ನು ಅಂಗಡಿಯವರ ಮಾತಿನಲ್ಲಿ ಬರೆದೆ. ಬಿಲ್ ಉಳಿಸು. ಗಿರಾಕಿಯ ಬಾಕಿ ಕೊಡು. ಸ್ಟಾಕ್ ಕಡಿಮೆ ಇರುವ ಸರಕು ತೋರಿಸು. ಮೇಲಿನ ಕೋಡ್‌ಗೆ ಟೇಬಲ್ ಅಂದರೇನು ಅಂತಲೇ ಗೊತ್ತಿಲ್ಲ. ಸುಮಾರು ಅರವತ್ತು ಫಂಕ್ಷನ್ ಆದವು, ಜಾಸ್ತಿ ಅನ್ನಿಸಬಹುದು. ಆದರೆ ಮುಕ್ಕಾಲು ಪಾಲಿಗೆ ಎಸ್‌ಕ್ಯುಎಲ್ ಎಲ್ಲ ಕಡೆ ಒಂದೇ, ಅವು ಸಾಮಾನ್ಯ ಕ್ಲಾಸ್‌ನಲ್ಲಿರುತ್ತವೆ. ಬೇರೆಯಾಗುವ ಕಡೆ ಮಾತ್ರ ಆಯಾ ಡೇಟಾಬೇಸ್‌ನ ಕ್ಲಾಸ್ ತನ್ನದನ್ನು ಬರೆದುಕೊಳ್ಳುತ್ತದೆ.

ಇದು ಯಾಕೆ ಬೇಕು ಅಂತ ನನಗೆ ಅರ್ಥ ಮಾಡಿಸಿದ್ದು ಒಂದು ಸಣ್ಣ ಕೆಲಸ. ಬಿಲ್ ಹಾಕುವಾಗ ಗಿರಾಕಿ ಹೊಸಬರಾದರೆ ಸೇರಿಸಬೇಕು, ಇದ್ದರೆ ಬಿಡಬೇಕು. ನಾನು ಕಣ್ಣು ಮುಚ್ಚಿ ಸೇರಿಸುತ್ತಿದ್ದೆ, ‘ಈಗಾಗಲೇ ಇದೆ’ ಎಂಬ ಎರರ್ ಬಂದರೆ ಹಿಡಿದು ಮುಂದೆ ಹೋಗುತ್ತಿದ್ದೆ. ಎಸ್‌ಕ್ಯುಲೈಟ್‌ನಲ್ಲಿ ಸಲೀಸಾಗಿ ನಡೆಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಆ ಒಂದು ಎರರ್‌ಗೇ ಇಡೀ ಟ್ರಾನ್ಸಾಕ್ಷನ್ (ಒಟ್ಟಿಗೆ ಆಗಬೇಕಾದ ಕೆಲಸಗಳ ಗುಂಪು) ಕೆಟ್ಟುಹೋಗುತ್ತದೆ. ರೋಲ್‌ಬ್ಯಾಕ್ ಮಾಡಿ ಅದನ್ನು ರದ್ದು ಮಾಡುವವರೆಗೆ ಮುಂದಿನ ಯಾವ ಕ್ವೆರಿಯನ್ನೂ ಅದು ಮುಟ್ಟುವುದಿಲ್ಲ. ಹಳೇ ಗಿರಾಕಿಗಳ ಬಿಲ್ ಒಂದೂ ಉಳಿಯುತ್ತಿಲ್ಲ, ಹೊಸಬರದ್ದು ಮಾತ್ರ ಉಳಿಯುತ್ತಿದೆ! ಎರಡು ದಿನ ತಲೆ ಕೆಡಿಸಿಕೊಂಡೆ. ಈಗ ‘ಇಲ್ಲದಿದ್ದರೆ ಸೇರಿಸು’ ಅನ್ನುವುದೇ ಒಂದು ಫಂಕ್ಷನ್. ಪೋಸ್ಟ್‌ಗ್ರೆಸ್ 9.5ರಿಂದ, ಎಸ್‌ಕ್ಯುಲೈಟ್ 3.24ರಿಂದ ‘ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್’ (ಈಗಾಗಲೇ ಇದ್ದರೆ ಸುಮ್ಮನಿರು) ಇದೆ. ಒರಾಕಲ್‌ಗೆ ಅದೇ ಕೆಲಸ ಮಾಡುವ ಮರ್ಜ್ ಬರೆದೆ. ಮೇಲಿನವರಿಗೆ ಇದ್ಯಾವುದೂ ಕಾಣುವುದಿಲ್ಲ.

ಎರರ್‌ಗಳನ್ನೂ ಹಾಗೇ ಮೇಲೆ ಬಿಡಬೇಡಿ. ಒಂದೇ ತಪ್ಪಿಗೆ ಪೋಸ್ಟ್‌ಗ್ರೆಸ್ 23505 ಅನ್ನುತ್ತದೆ, ಒರಾಕಲ್ ಒರಾ-00001 ಅನ್ನುತ್ತದೆ. ನಿಮ್ಮದೇ ನಾಲ್ಕೈದು ಎರರ್ ಮಾಡಿಕೊಂಡು ಪದರದೊಳಗೇ ಬದಲಾಯಿಸಿ.

ಬೆಂಗಳೂರಿನಿಂದ

ಒರಾಕಲ್ ಬಗ್ಗೆ ಎರಡು ಮಾತು. ನಿಮ್ಮ ಗಿರಾಕಿಗಳ ಹೆಸರು ಕನ್ನಡದಲ್ಲಿದ್ದರೆ ಇದನ್ನು ಓದಲೇಬೇಕು.

ನಾವು ಹೆಸರಿನ ಕಾಲಂ ವಾರ್‌ಕ್ಯಾರ್2(60) ಅಂತ ಇಟ್ಟಿದ್ದೆವು. ಪೋಸ್ಟ್‌ಗ್ರೆಸ್‌ನಲ್ಲಿ 60 ಅಂದರೆ 60 ಗುರುತು (ಕ್ಯಾರೆಕ್ಟರ್). ಒರಾಕಲ್‌ನಲ್ಲಿ ನೀವೇನೂ ಹೇಳದಿದ್ದರೆ 60 ಬೈಟ್. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿ ಇಡುವ ಒಂದು ವಿಧಾನ) ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು, ಒತ್ತಕ್ಷರಕ್ಕೆ ಹಾಕುವ ಹಲಂತಕ್ಕೂ (್) ಸೇರಿ. ‘ಲಕ್ಷ್ಮೀ’ ಕಣ್ಣಿಗೆ ಎರಡಕ್ಷರ. ಒಳಗೆ ಏಳು ಗುರುತು, 21 ಬೈಟ್. ‘ಶ್ರೀ ಲಕ್ಷ್ಮೀವೆಂಕಟೇಶ್ವರ ಟ್ರೇಡರ್ಸ್’ ಅಂತ ಹಾಕಿದರೆ 92 ಬೈಟ್. ಒರಾ-12899, ಅಂದರೆ ಕಾಲಂಗೆ ಹಿಡಿಸದು ಅಂತ ಮುಖಕ್ಕೆ ಹೊಡೆಯಿತು. ಇಂಗ್ಲಿಷ್ ಹೆಸರುಗಳಲ್ಲಿ ಟೆಸ್ಟ್ ಮಾಡಿದ್ದ ನಮಗೆ ಏನೂ ಗೊತ್ತಾಗಿರಲಿಲ್ಲ. 60 ಪಕ್ಕದಲ್ಲಿ ಕ್ಯಾರ್ ಅಂತ ಬರೆದರೆ ಸರಿಯಾಗುತ್ತದೆ.

ಎರಡನೆಯದು, ಒರಾಕಲ್‌ಗೆ ಖಾಲಿ ಸ್ಟ್ರಿಂಗ್ ಅಂದರೆ ನಲ್ (ಮೌಲ್ಯವೇ ಇಲ್ಲ). ಜಿಎಸ್‌ಟಿ ನಂಬರ್ ಖಾಲಿ ಸ್ಟ್ರಿಂಗ್‌ಗೆ ಸಮ ಇರುವವರ ಪಟ್ಟಿ ಕೇಳಿದರೆ ಒಬ್ಬರೂ ಬರಲಿಲ್ಲ, ನಲ್ ಯಾವುದಕ್ಕೂ ಸಮವಾಗುವುದಿಲ್ಲ. ನಾವು ಎಲ್ಲ ಡೇಟಾಬೇಸ್‌ಗೂ ಒಂದೇ ನಿಯಮ ಮಾಡಿದೆವು: ಖಾಲಿ ಬಂದರೆ ಪದರವೇ ನಲ್ ಮಾಡಿ ಕಳಿಸುತ್ತದೆ. ಹಟಮಾರಿ ಡೇಟಾಬೇಸ್‌ಗೆ ಉಳಿದವು ಹೊಂದಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಸಿಂಗಪುರದಿಂದ

ಎಲ್ಲರೂ ಹೇಗೆ ಮಾಡುವುದು ಅಂತ ಹೇಳುತ್ತಿದ್ದಾರೆ. ಮಾಡಲೇಬೇಕಾ ಅಂತ ಯಾರೂ ಕೇಳಲಿಲ್ಲ, ಅಲ್ವಾ? ಮೂವರಿದ್ದೀರಿ. ಒಂದೊಂದು ಡೇಟಾಬೇಸ್‌ಗೂ ಬೇರೆ ಬ್ಯಾಕಪ್, ಬೇರೆ ಅಪ್‌ಗ್ರೇಡ್, ರಾತ್ರಿ ಹನ್ನೊಂದಕ್ಕೆ ಬೇರೆ ಫೋನ್. ಒರಾಕಲ್ ಕೇಳಿದವರಿಗೆ ಅದರ ಕೆಲಸದ ಬೆಲೆಯನ್ನು ಬೇರೆಯಾಗಿ ಬರೆದು ಕೊಡಿ. ಆಮೇಲೂ ಬೇಕು ಅಂದರೆ ಮಾಡಿ.

ಮಂಗಳೂರಿನಿಂದ

ಟೆಸ್ಟ್ ಬಗ್ಗೆ. ಎಸ್‌ಕ್ಯುಲೈಟ್‌ನಲ್ಲಿ ಪಾಸಾದದ್ದು ಎಲ್ಲ ಕಡೆ ಪಾಸ್ ಅಂದುಕೊಳ್ಳಬೇಡಿ, ಅದು ತೀರಾ ಸಾಧು ಪ್ರಾಣಿ. ಪೂರ್ಣಾಂಕದ ಕಾಲಂಗೆ ‘ಹತ್ತು ಚೀಲ’ ಅಂತ ಹಾಕಿದರೂ ನುಂಗುತ್ತದೆ. 3.37ರಿಂದ ಟೈಪ್ ತಪ್ಪಿದರೆ ಒಪ್ಪದ ಸ್ಟ್ರಿಕ್ಟ್ ಟೇಬಲ್ ಬಂದಿದೆ, ಅದನ್ನು ಬಳಸಿ. ಫಾರಿನ್ ಕೀ ತಪಾಸಣೆಯನ್ನು (ಬಿಲ್‌ನಲ್ಲಿರುವ ಗಿರಾಕಿ ಗಿರಾಕಿಗಳ ಟೇಬಲ್‌ನಲ್ಲೂ ಇದ್ದಾರಾ ಎಂಬಂಥದ್ದು) ಪ್ರತಿ ಕನೆಕ್ಷನ್‌ನಲ್ಲೂ ನೀವೇ ಆನ್ ಮಾಡಬೇಕು. ಅದರಲ್ಲಿ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಟೈಪ್ ಇಲ್ಲ, ಹಾಗಾಗಿ ದುಡ್ಡನ್ನು ಎಲ್ಲ ಕಡೆ ಪೈಸೆಯ ಪೂರ್ಣಾಂಕವಾಗಿ ಇಡಿ. ಏರಿಕೆ ಕ್ರಮದಲ್ಲಿ ಜೋಡಿಸಿದರೆ ನಲ್ ಎಸ್‌ಕ್ಯುಲೈಟ್‌ನಲ್ಲಿ ಮೊದಲು ಬರುತ್ತದೆ, ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ನಲ್ಲಿ ಕೊನೆಗೆ. ಒಂದೇ ಟೆಸ್ಟ್ ಗುಂಪನ್ನು ಎಲ್ಲ ಡೇಟಾಬೇಸ್ ಮೇಲೂ ಪ್ರತಿ ಸಲ ಓಡಿಸಿ. ಹೆಸರುಗಳು ಕನ್ನಡದಲ್ಲೇ ಇರಲಿ.

ಕೇಳಿದವರು, ಎರಡು ವಾರದ ನಂತರ

ಒರಾಕಲ್‌ನವರಿಗೆ ಬೆಲೆ ಬರೆದು ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಪೋಸ್ಟ್‌ಗ್ರೆಸ್ ಶುರು ಮಾಡಿದೆ. ಹುಬ್ಬಳ್ಳಿಯವರು ಹೇಳಿದ ಹಾಗೆ ಅಂಗಡಿಯ ಮಾತಿನ ಫಂಕ್ಷನ್‌ಗಳು, ಈವರೆಗೆ ಹನ್ನೊಂದು ಆಗಿವೆ.

ಮೊದಲ ದಿನ ಬಿದ್ದದ್ದು ಬಾಕಿ ಪಟ್ಟಿ. ಗಿರಾಕಿವಾರು ಗ್ರೂಪ್ ಮಾಡಿ, ಮೊತ್ತದ ಜೊತೆಗೆ ಬಿಲ್ ತಾರೀಕನ್ನೂ ಸುಮ್ನೆ ಕೇಳಿದ್ದೆ. ಅದು ಗ್ರೂಪ್ ಬೈನಲ್ಲಿಲ್ಲ ಅಂತ ಪೋಸ್ಟ್‌ಗ್ರೆಸ್ ಒಪ್ಪಲೇ ಇಲ್ಲ. ಎಸ್‌ಕ್ಯುಲೈಟ್ ಇಷ್ಟು ವರ್ಷ ಒಪ್ಪಿಕೊಂಡಿತ್ತಲ್ಲ, ಏನು ಕೊಡುತ್ತಿತ್ತು ಅಂತ ನೋಡಿದೆ. ಆ ಗಿರಾಕಿಯ ಯಾವುದೋ ಒಂದು ಬಿಲ್‌ನ ತಾರೀಕು. ನಾವು ಅದನ್ನು ‘ಕೊನೆಯ ಬಿಲ್’ ಅಂತ ಹೆಸರು ಹಾಕಿ ಎಲ್ಲ ಅಂಗಡಿಗಳಿಗೂ ಪ್ರಿಂಟ್ ಮಾಡಿ ಕೊಡುತ್ತಿದ್ದೆವು. ಒಬ್ಬರೂ ಕೇಳಿರಲಿಲ್ಲ.