ಅಪ್ಪಂಗೆ ಸಿಒಪಿಡಿ, ಹರ್ನಿಯಾ ಆಪರೇಷನ್‌ಗೆ ಸ್ಪೈನಲ್ಲಾ, ಫುಲ್ ಅನಸ್ತೇಸಿಯಾನಾ?

ಕೋಣಂದೂರು ಹುಡುಗ:
ಅಪ್ಪಂಗೆ 67, ನಲವತ್ತು ವರ್ಷದ ಬೀಡಿ, ಸಾಲದ್ದಕ್ಕೆ ಪ್ರತಿ ಕೊಯ್ಲಲ್ಲೂ ಅಡಿಕೆ ಬೇಯ್ಸೋ ಒಲೆ ಮುಂದೇನೆ ಇರ್ತಾರೆ, ಈಗ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟ ಆಗೋ ಕಾಯಿಲೆ) ಅಂತ ದಿನಾ ಇನ್‌ಹೇಲರ್. ತೊಡೆಸಂದಿ ಹರ್ನಿಯಾಗೆ ಗಣಪತಿ ಹಬ್ಬ ಕಳೆದ್ಮೇಲೆ ಶಿವಮೊಗ್ಗದಲ್ಲಿ ಆಪರೇಷನ್. ಸರ್ಜನ್ ಸ್ಪೈನಲ್, ಅಂದ್ರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮಾತ್ರ ಮರಗಟ್ಸೋದು, ಅಂದ್ರು. ಮಾವ ಒಬ್ರು, ಬೆನ್ನಿಗೆ ಚುಚ್ಚಿಸ್ಕೊಂಡ್ರೆ ಸಾಯೋತನಕ ಸೊಂಟನೋವು, ಪೂರ್ತಿ ನಿದ್ದೆ ಮಾಡ್ಸೋದೇ ವಾಸಿ ಅಂತ ಅಪ್ಪನ ತಲೆ ಕೆಡ್ಸಿದಾರೆ. ಯಾವ್ದು ಸರಿ?

ಓಟಿ ಡ್ಯೂಟಿ:
ನಾನು ಅನಸ್ತೇಸಿಯಾ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಫುಲ್ ಕೊಟ್ರೆ ಸಾಮಾನ್ಯವಾಗಿ ಗಂಟಲಿಗೆ ಟ್ಯೂಬ್ ಹಾಕ್ತಾರೆ, ಇಂಥೋರ ಶ್ವಾಸನಾಳ ಮೊದ್ಲೇ ಸಿಡುಕು, ಟ್ಯೂಬ್ ತಾಗಿದ್ದಕ್ಕೇ ಬಿಗ್ದುಕೊಳ್ಳಬಹುದು, ಒಳಗೆ ಹೋದ ಗಾಳಿ ಹೊರಗೆ ಬರೋಕೆ ಟೈಮ್ ಬೇಕು, ಅಷ್ಟರಲ್ಲಿ ಮೆಷಿನ್ ಇನ್ನೊಂದು ಉಸಿರು ತಳ್ಳಿದ್ರೆ ಎದೇಲಿ ಗಾಳಿ ತುಂಬ್ಕೊಂಡು ಬಿಪಿ ಇಳಿಯುತ್ತೆ. ಕೊನೇಲಿ ಟ್ಯೂಬ್ ತೆಗ್ಯೋದೇ ಕಷ್ಟ ಆಗೋದೂ ಇದೆ. ಹರ್ನಿಯಾ ಕೆಳಗಿನ ಕೆಲ್ಸ, ಸ್ಪೈನಲ್ ಸಾಕು, ಅವ್ರೇ ಉಸಿರಾಡ್ತಾ ಇರ್ತಾರೆ. ಹಂಗಂತ ಸ್ಪೈನಲ್ ಅಂದ್ರೆ ನಿಶ್ಚಿಂತೆ ಅಂತಲ್ಲ, ಮದ್ದು ತುಂಬ ಮೇಲಕ್ಕೆ ಏರಿದ್ರೆ ಹೊಟ್ಟೆ, ಪಕ್ಕೆಲುಬಿನ ಸ್ನಾಯು ಸೋತು ಕೆಮ್ಮೋಕೂ ಆಗಲ್ಲ. ಅಪ್ಪ ಒಂದು ಗಂಟೆ ಅಂಗಾತ ಮಲಗ್ತಾರಾ, ಅದನ್ನ ಮೊದ್ಲು ನೋಡಿ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಮಾವನ ಸೊಂಟದ ಕಥೆ ಬೇರೆ ಇರ್ಬೇಕು ಬಿಡಿ.

ಸಾಗರದ ಅಕ್ಕ:
ನಮ್ಮಮ್ಮ ಬೀಡಿ ಮುಟ್ಟಿದೋರಲ್ಲ, ಸೌದೆ ಒಲೆ, ಬಚ್ಚಲ ಹಂಡೆ ಹೊಗೇಗೇ ಸಿಒಪಿಡಿ. ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ, ಫುಲ್ಲೇ ಕೊಟ್ರು. ಮೊದ್ಲು ಊದೋ ಟೆಸ್ಟ್, ಎರಡು ವಾರ ಮೂರು ಚೆಂಡಿನ ಡಬ್ಬೀಲಿ ಉಸಿರು ಎಳೆಯೋ ಅಭ್ಯಾಸ ಮಾಡ್ಸಿದ್ರು. ಖಾಲಿಹೊಟ್ಟೆ ಅಂದಿದ್ದಕ್ಕೆ ನಾವು ದಡ್ಡರು ಬೆಳಗ್ಗೆ ಇನ್‌ಹೇಲರೂ ತಪ್ಪಿಸ್ಬಿಟ್ವಿ, ಡಾಕ್ಟರ್ ಬೈದು ಅಲ್ಲೇ ನೆಬ್ಯುಲೈಸ್ ಮಾಡಿ ಆಮೇಲೆ ಒಳಗೆ ಕರ್ಕೊಂಡ್ರು. ನೀವು ಹಂಗೆ ಮಾಡ್ಬೇಡಿ.

ಕೋಣಂದೂರು ಹುಡುಗ:
ಮಲಗ್ಸಿ ನೋಡ್ದೆ. ಹತ್ತು ನಿಮಿಷಕ್ಕೇ ಕೆಮ್ಮು. ಬೀಡಿ ಬಿಟ್ಟಿದೀನಿ ಅಂತಾರೆ, ದಿನಕ್ಕೆ ಆರು ನಡೀತಿದೆ.

ಓಟಿ ಡ್ಯೂಟಿ:
ಇದನ್ನ ಹಿಂಗೇ ಅನಸ್ತೇಸಿಯಾ ಡಾಕ್ಟರ್ ಹತ್ರ ಹೇಳಿ, ಅಡ್ಮಿಟ್ ಆದ ರಾತ್ರಿ ಅಲ್ಲ, ಈ ವಾರವೇ. ತಲೆ ಕಡೆ ಎತ್ತರ ಮಾಡಿ ಮಲಗ್ಸಬಹುದು, ಆ ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟೂ ಹರ್ನಿಯಾ ಮಾಡ್ತಾರೆ. ಬೀಡಿ ಒಂದು ದಿನ ಬಿಟ್ರೂ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತೆ, ಆದ್ರೆ ಶ್ವಾಸಕೋಶ ಸುಧಾರಿಸೋಕೆ 4ರಿಂದ 8 ವಾರ ಬೇಕು. ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕ್ಕೊಂಡಿಲ್ಲ ಅಂದ್ರೆ ಡೇಟ್ ಮುಂದಕ್ಕೆ ಹಾಕ್ಬಹುದಾ ಕೇಳಿ.

ಕೋಣಂದೂರು ಹುಡುಗ:
ಮುಂದಕ್ಕೆ ಹೋದ್ರೆ ಕೊಯ್ಲು ಬರುತ್ತೆ ಸಾರ್, ಮತ್ತೆ ಒಲೆ ಮುಂದೆ ಕೂರ್ತಾರೆ. ಚಿಕ್ಕಪ್ಪನ್ನ ಕರೆಸ್ಬೇಕು ಈ ಸಲ.